ಮೇಟಿಯ ಮೊಳೆ

೧೯೧೩ರ ಫೆಬ್ರವರಿ, ಮಧ್ಯಾಹ್ನ ಮೂರು ಗಂಟೆ. ಶಿವನಿಯ ಕರಿನೆಲದ ಹೊಲವೊಂದರಲ್ಲಿ ಓಂಕಾರಮೂರ್ತಿ ಕಣದ ನಡುಗಂಬಕ್ಕೆ, ಅಂದರೆ ಮೇಟಿಗೆ, ಹೊಡೆದಿದ್ದ ಕಬ್ಬಿಣದ ಮೊಳೆಯನ್ನು ಇಕ್ಕಳದಿಂದ ಕಿತ್ತು ಹಾಕಿದ.

ಪಕ್ಕದ ಹೊಲದ ಮುದುಕಿ ದುರ್ಗಮ್ಮ ಬೇಡವೆಂದೇ ಹೇಳಿದ್ದಳು. ಅವಳು ಬದುವಿನ ಮೇಲೆಯೇ ನಿಂತಿದ್ದಳು, ಕಣದೊಳಗೆ ಕಾಲಿಟ್ಟಿರಲಿಲ್ಲ.

"ಕೀಳಬ್ಯಾಡ ಅಳಿಯಪ್ಪ. ಅದು ತಡೆ ಮೊಳೆ. ಲಿಂಗಮ್ಮ ಏಳದಂಗೆ ನಿಮ್ಮಾವ ಮಂತ್ರವಾದಿನ ಕರೆಸಿ ಹೊಡೆಸಿದ್ದು."

"ಲಿಂಗಮ್ಮ ಮನೆ ಬಿಟ್ಟು ಹೋದ್ಲಲ್ಲಜ್ಜಿ. ಹೋಗೋಕೆ ಮುಂಚೆ ಬಾಗಿಲಿಗೆ ಹೊಡೆಸ್ಬೇಕಿತ್ತು."

"ನಗು. ಹಲ್ಲಿರೋ ತನಕ ನಗು."

ಲಿಂಗಮ್ಮ ಓಂಕಾರಮೂರ್ತಿಯ ಮಾವ ಚನ್ನಬಸಪ್ಪನ ಅತ್ತಿಗೆ. ನಲವತ್ತೈದು ದಾಟಿದ, ಮಕ್ಕಳಿಲ್ಲದ ವಿಧವೆ. ಈ ಹೊಲದ ಖಾತೆ ಅವಳ ಹೆಸರಿನಲ್ಲಿತ್ತು. ಹಿಂದಿನ ವರ್ಷ, ಜೋಳದ ರಾಶಿ ಎತ್ತಿದ ದಿನ, ಮೈದುನನ ಎದುರು ಇದೇ ಕಣದಲ್ಲಿ ನಿಂತು ಹಿಡಿ ಮಣ್ಣು ತೂರಿದ್ದಳು. "ನನ್ನ ನೆಲ ಉಂಡೋರ ಬಾಯಿಗೆ ನಾನೇ ತುತ್ತಾಗಿ ಬತ್ತೀನಿ" ಎಂದಿದ್ದಳು. ಮರುದಿನ ಸಂಜೆ ಹೊಲಕ್ಕೆ ಹೋದವಳು ಮರಳಲಿಲ್ಲ. ಪೊಲೀಸರು ಬಾವಿ, ಕೆರೆ ಎಲ್ಲ ಜಾಲಾಡಿದರು. ಅಂಥ ಹೆಂಗಸಿಗೆ ಟಿಕೆಟ್ ಕೊಟ್ಟಿಲ್ಲ ಎಂದು ರೈಲ್ವೆ ಸ್ಟೇಷನ್ನಿನವರು ಹೇಳಿದರು. ಜಗಳವಾಡಿಕೊಂಡು ತವರಿಗೆ ಹೋದಳು ಎಂದು ಚನ್ನಬಸಪ್ಪ ಹೇಳಿಕೆ ಕೊಟ್ಟ. ತವರಿಗೆ ಅವಳು ಬಂದಿರಲಿಲ್ಲ. ಪ್ರಕರಣ ಅಲ್ಲಿಗೇ ನಿಂತಿತು.

ಓಂಕಾರಮೂರ್ತಿ ತರೀಕೆರೆಯವನು. ಮನೆ ಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇಂಗ್ಲಿಷ್ ಸ್ಕೂಲಿನ ಮೆಟ್ಟಿಲು ಹತ್ತಿದ್ದವನಿಗೆ ತಡೆ, ಮಾಟ ಎಂದರೆ ನಗು. ಮುಂದಿನ ವಾರ ಜಮಾಬಂದಿಗೆ, ಕಂದಾಯದ ಲೆಕ್ಕ ನೋಡಲು, ಅಮಲ್ದಾರರು ಬರುವವರಿದ್ದರು. ಅಷ್ಟರೊಳಗೆ ಈ ಕಣದಲ್ಲಿ ತಮ್ಮ ರಾಶಿ ನಿಂತರೆ ಹೊಲದ ಸ್ವಾಧೀನ ತಮ್ಮದೆಂದು ತೋರಿಸಬಹುದು, ಖಾತೆ ತನ್ನ ಹೆಂಡತಿಯ ಹೆಸರಿಗೆ ಬರುತ್ತದೆ. ಮಾವ ಮಾತ್ರ ಬೇರೆ ಕಣ ಮಾಡೋಣ ಎಂದು ಹಟ ಹಿಡಿದಿದ್ದ. ಅವನು ಅಜ್ಜಂಪುರದ ಸಂತೆಗೆ ಹೋದ ದಿನವನ್ನೇ ನೋಡಿ ಅಳಿಯ ಎತ್ತು ಹೂಡಿಸಿದ್ದ. ಮೇಟಿಯ ಮೊಳೆ ಎತ್ತಿನ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಿತ್ತು.

"ಇನ್ನೊಂದು ಮಾತು," ಎಂದಿದ್ದಳು ದುರ್ಗಮ್ಮ. "ಸಗಣಿ ಹಾಕಿ ಕಣ ಸಾರ್ಸೋದು ತೆನೆ ಹಾಕೋಕೆ ಮುಂಚೆ. ರಾಶಿ ಎತ್ತಿದ ಮ್ಯಾಲೆ ಯಾರಾದ್ರೂ ಸಾರಿಸ್ತಾರಾ? ನಿಮ್ಮಾವ ಸಾರಿಸ್ದ. ಲಿಂಗಮ್ಮ ಕಾಣೆಯಾದ ಮಾರನೇ ಬೆಳಿಗ್ಗೆ, ಒಬ್ನೇ ಕೂತ್ಕಂಡು. ಆಮ್ಯಾಲೆ ಗಾಡಿಗೆ ಹುಲ್ಲು ಹೇರ್ಕಂಡು ತರೀಕೆರೆ ಕಡೆ ಹೋದ."

"ಪೊಲೀಸಿನೋರಿಗೆ ಯಾಕೆ ಹೇಳ್ನಿಲ್ಲ?"

"ನನ್ನ ಯಾರು ಕೇಳಿದ್ರು?"

ಓಂಕಾರಮೂರ್ತಿಯ ಕೈ ಅರೆಗಳಿಗೆ ನಿಂತಿತ್ತು. ಮಾವ ಏನು ಮಾಡಿದ್ದಾನೆಂಬುದು ಅವನಿಗೆ ಆಗಲೇ ಹೊಳೆದಿತ್ತು. ಹೊಳೆದದ್ದರ ಬೆನ್ನಿಗೇ ಜಮಾಬಂದಿ ನೆನಪಾಗಿತ್ತು. ಇಕ್ಕಳ ತಿರುಗಿಸಿದ್ದ.

ಮೊಳೆಯ ತುದಿ ಒದ್ದೆಯಾಗಿತ್ತು.

ದುರ್ಗಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಬದು ಇಳಿದು ಹೋದಳು. ಆಳು ಬೀರಪ್ಪ ತೆನೆಯ ಮೇಲೆ ಎತ್ತುಗಳನ್ನು ಸುತ್ತಿಸತೊಡಗಿದ. ಎತ್ತಿನ ಗಂಟೆಯ ಸದ್ದು, ಗೊರಸಿನಡಿ ತೆನೆ ಮುರಿಯುವ ಚಟಚಟ, ಮೈಗೆ ಕಡಿಯುವ ಜೋಳದ ಸುಂಕಿನ ಧೂಳು. ಆಮೇಲೆ ಗಾಳಿ ಬಿದ್ದುಹೋಯಿತು. ಒಣ ಮಾಗಿಯ ಬಿಸಿಲಿನಲ್ಲಿ ಹಸಿಮಣ್ಣಿನ ವಾಸನೆ ಎದ್ದಿತು, ಅದರ ಹಿಂದೆಯೇ ಹಳಸಿದ ಹರಳೆಣ್ಣೆಯ ನಾತ, ಎಣ್ಣೆ ಹಚ್ಚಿದ ತಲೆಗೂದಲು ಕೊಳೆತ ಹಾಗೆ.

ಎತ್ತುಗಳು ನಿಂತವು. ಹೊಡೆದರೂ ಕದಲಲಿಲ್ಲ. ನಂತರ ತಾವಾಗಿಯೇ ಹಿಂದಿರುಗಿ ಎಡಸುತ್ತು ಹಾಕತೊಡಗಿದವು. ಕೊರಳು ಆಡುತ್ತಿತ್ತು, ಗಂಟೆ ಸದ್ದು ಮಾಡುತ್ತಿರಲಿಲ್ಲ.

ಬೀರಪ್ಪ ಬಾರುಕೋಲು ಕೆಳಗಿಟ್ಟ. "ನಾನ್ ಒಲ್ಲೆ ಬುದ್ಧಿ. ಕೂಲೀನೂ ಬ್ಯಾಡ." ಅವನು ಮತ್ತೆ ತಿರುಗಿ ನೋಡಲಿಲ್ಲ.

ಅದೇ ಹೊತ್ತಿಗೆ ಚನ್ನಬಸಪ್ಪ ಸಂತೆಯಿಂದ ಬಂದ. ದೂರದಿಂದಲೇ ಕಣ ಕಂಡವನು ಓಡಿಬಂದ, ಮೆಟ್ಟು ಬಿಡದೆ ಕಣಕ್ಕೆ ನುಗ್ಗಿದ.

"ಮೊಳೆ ಎಲ್ಲೋ?"

"ಕಿತ್ತೆ ಮಾವನೋರೆ. ನೀವು ಹೀಗೆ ಬೆವರೋ ಅಂಥಾದ್ದೇನು..."

ಚನ್ನಬಸಪ್ಪ ಏನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ. ಮಣ್ಣು ಬಂತು.

ಒಳಗಿನಿಂದ ಬಂತು. ಒದ್ದೆ ಮಣ್ಣು. ಮೊದಲು ಚೂರು, ಆಮೇಲೆ ಹಿಡಿ ಹಿಡಿ. ಅವನು ಮಂಡಿಯೂರಿದ. ಓಂಕಾರಮೂರ್ತಿ ಬೆರಳು ಹಾಕಿ ತೋಡಿದ. ತೋಡಿದಷ್ಟೂ ಬಂತು. ಬೆರಳಿಗೆ ಕೂದಲು ಸುತ್ತಿಕೊಂಡಿತು. ಉದ್ದನೆಯ ಕೂದಲು, ಅರ್ಧ ನರೆತದ್ದು. ಎತ್ತುಗಳು ಸುತ್ತುತ್ತಿದ್ದವು. ಚನ್ನಬಸಪ್ಪನ ಕಣ್ಣು ಮೇಟಿಯ ಹಿಂದೆ ಯಾರನ್ನೋ ನೋಡುತ್ತಿತ್ತು. ನೋಡುತ್ತಲೇ ನಿಂತುಹೋಯಿತು.

"ನೀನೂ ಉಣ್ಣು ಅಳಿಯಪ್ಪ."

ಹೆಂಗಸಿನ ದನಿ. ಕಿವಿಯ ಪಕ್ಕದಲ್ಲೇ. ಓಂಕಾರಮೂರ್ತಿಯ ನಾಲಿಗೆಯ ಮೇಲೆ ಮರಳು ಕರಕರ ಎಂದಿತು. ಮೊಳೆ. ಮೊಳೆ ಎಲ್ಲಿ? ತೆನೆಯಲ್ಲಿ ತಡಕಾಡಿದ. ಉಸಿರು ಕಟ್ಟಿತು. ಸಿಕ್ಕಿತು. ಹಳೆಯ ತೂತಿಗಿಟ್ಟ. ಕಲ್ಲಿರಲಿಲ್ಲ. ಅಂಗೈಯಿಂದಲೇ ಗುದ್ದಿದ. ಚರ್ಮ ಹರಿಯಿತು. ಮತ್ತೆ ಗುದ್ದಿದ.

ಎತ್ತಿನ ಗಂಟೆ ಕೇಳಿಸಿತು.

ಹೊತ್ತು ಮುಳುಗುವ ಮೊದಲು ಪೊಲೀಸರು ಬಂದರು. ಸತ್ತವನ ಬಾಯಿ, ಗಂಟಲುಗಳಲ್ಲಿ ತುಂಬಿದ್ದದ್ದು ಕೆಮ್ಮಣ್ಣು. ಶಿವನಿಯ ಸುತ್ತ ಅಂಥ ಮಣ್ಣಿಲ್ಲ, ಅದು ತರೀಕೆರೆಯಾಚೆ ಕೆಮ್ಮಣ್ಣುಗುಂಡಿಯ ಬೆಟ್ಟದ ಮಣ್ಣು ಎಂದು ಪಂಚರು ಬರೆಸಿದರು. ಕಣವನ್ನು ಆಳೆತ್ತರ ಅಗೆಸಲಾಯಿತು. ಮೇಲಿನ ಸಗಣಿಯ ಪದರದ ಕೆಳಗೆ ಇನ್ನೊಂದು ಪದರವಿತ್ತು, ಅದರ ಮೇಲೆ ಕಪ್ಪುಗಟ್ಟಿದ ಕಲೆ. ಬೇರೇನೂ ಇರಲಿಲ್ಲ. ಬೆಟ್ಟದ ಕಾಡಿನಲ್ಲಿ ಹುಡುಕಿದರೂ ಲಿಂಗಮ್ಮ ಸಿಗಲಿಲ್ಲ. ನಡೆದದ್ದನ್ನು ಹೇಳಬಲ್ಲವನು ಓಂಕಾರಮೂರ್ತಿ ಒಬ್ಬನೇ, ಅವನಿಗೆ ಅಂದಿನಿಂದ ಮಾತು ಬರಲಿಲ್ಲ.

ಅಮಲ್ದಾರರು ಖಾತೆ ಬದಲಾಯಿಸಲಿಲ್ಲ. ಮರುವರ್ಷ ಮಳೆ ಬಿದ್ದು ಹೊಲ ಹಸನಾದಾಗ, ಆ ಕರಿನೆಲದ ನಡುವೆ ಕಣವಿದ್ದಷ್ಟು ಅಗಲಕ್ಕೆ ಮಣ್ಣು ಕೆಂಪಾಗಿತ್ತು.