ಮೂಸಿ ಹೇಳಿದ ಸುಳ್ಳು

“ಡ್ರಮ್ಮಿನ ಮುಚ್ಚಳ ತೆಗೆದಿಟ್ಟವಳು ಇವಳೇ! ಎಣ್ಣೆ ಕಮಟು ಹಿಡೀದೆ ಇನ್ನೇನಾಗತ್ತೆ?”

ಕೆಟ್ಟ ವಾಸನೆಯೆಂದು ಅಂಗಡಿಗಳಿಂದ ವಾಪಸು ಬಂದ ಸೋಪಿನ ಪೆಟ್ಟಿಗೆಗಳು ಹೊಸ್ತಿಲವರೆಗೂ ಬಿದ್ದಿದ್ದವು. ಸೋಪು ಕತ್ತರಿಸುವ ಹೆಂಗಸರೆಲ್ಲರ ಎದುರು ಅತ್ತೆಯ ಬೆರಳು ಸೊಸೆಯನ್ನು ತೋರುತ್ತಿತ್ತು. ಮನೆಯ ಹಿಂಭಾಗದ ಆ ಪುಟ್ಟ ಕಾರ್ಖಾನೆಗೆ ಒಂದು ಕಟ್ಟಳೆಯಿತ್ತು: ಅತ್ತೆ ಮೂಸಿ ‘ಹೂಂ’ ಅನ್ನದೆ ಕೊಪ್ಪರಿಗೆಗೆ ಹನಿ ಎಣ್ಣೆಯೂ ಬೀಳಬಾರದು. ಅತ್ತೆಯ ಗಂಡ ಸತ್ತ ಮೇಲೆ ಸಂಸಾರವನ್ನು ಎತ್ತಿ ನಿಲ್ಲಿಸಿದ್ದು ಆ ಮೂಗೇ.

ಈ ಸಲವೂ ಮೂಸಿದ್ದರು, ‘ಹೂಂ’ ಅಂದಿದ್ದರು. “ಅತ್ತೆ, ಇದು ಕಮಟು ಹೊಡೀತಿದೆ” ಎಂದ ಸೊಸೆಗೆ, “ನಿನ್ನೆ ಮೊನ್ನೆ ಬಂದವಳು ನನಗೇ ಕಲಿಸ್ತೀಯಾ?” ಎಂದು ಬೈದಿದ್ದರು. ಆದರೆ ಡ್ರಮ್ಮಿನ ಮೇಲೆ ಬಗ್ಗಿದಾಗ ಅವರಿಗೆ ಯಾವ ವಾಸನೆಯೂ ಬಂದಿರಲಿಲ್ಲ... ವರ್ಷದಿಂದ ಬಂದಿರಲಿಲ್ಲ! ಅದನ್ನು ಯಾರ ಹತ್ತಿರ ಹೇಳುವುದು? ಆ ಮೂಗೂ ಇಲ್ಲವೆಂದರೆ ಈ ಮನೆಯಲ್ಲಿ ತಾನು ಯಾರು?

“ಸ್ವಲ್ಪ ದಿನ ನಿಮ್ಮಮ್ಮನ ಮನೇಲಿರು” ಎಂದ ಮಗ, ಹೆಂಡತಿಯ ಮುಖ ನೋಡದೆ.

“ನೀವೂ ನಂಬಿದ್ರಾ?” ಎಂದಷ್ಟೇ ಕೇಳಿದಳು ಅವಳು.

ಮರುದಿನ ಬೆಳಿಗ್ಗೆ ಅತ್ತೆ ಹಣೆ ಒತ್ತಿಕೊಂಡು, ಬಾಯಿಂದ ಉಸಿರೆಳೆಯುತ್ತ ಕೂತಿದ್ದರು. ಹೊರಟು ನಿಂತಿದ್ದ ಸೊಸೆ ಚೀಲ ಕೆಳಗಿಟ್ಟಳು. “ಏಳಿ. ಡಾಕ್ಟರಿಗೆ ತೋರಿಸಿ ಆಮೇಲೆ ಹೋಗ್ತೀನಿ.”

ವೈದ್ಯೆ ಮೂಗಿನೊಳಗೆ ತೆಳ್ಳನೆಯ ಕ್ಯಾಮೆರಾ ನಳಿಗೆ ಇಳಿಸಿದರು. ಪರದೆಯ ಮೇಲೆ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಗೆಡ್ಡೆಗಳು ಎರಡೂ ಕಡೆ ಜೋತುಬಿದ್ದಿದ್ದವು.

“ಕ್ಯಾನ್ಸರಾ ತಾಯಿ?” ಎಂದರು ಅತ್ತೆ.

“ಹಾಗೆ ಕಾಣಲ್ಲಮ್ಮ. ಚೂರು ತೆಗೆದು ಪರೀಕ್ಷೆಗೂ ಕಳಿಸ್ತೀನಿ. ಸಾಮಾನ್ಯವಾಗಿ ಇದು ನಮ್ಮದೇ ರಕ್ತದ ಬಿಳಿ ಕಣಗಳ ಕೆಲಸ. ಇಯೋಸಿನೋಫಿಲ್ ಅಂತ. ದೇಹಕ್ಕೆ ಹೊಕ್ಕ ಹುಳುಗಳನ್ನ ಕೊಲ್ಲೋಕೆ ಇರೋವು. ಮೂಗಿನ ಪೊರೆ ಸುಮ್ಮಸುಮ್ಮನೆ ಅಪಾಯ ಅಂತ ಬೊಬ್ಬೆ ಹಾಕತ್ತೆ, ಬೇರೆ ಕಣಗಳು ಇವನ್ನ ಕರೀತವೆ, ಇವು ದಂಡುಗಟ್ಟಿ ಬಂದು ವಿಷ ಸುರೀತವೆ. ಹೊಡೆಯೋಕೆ ಅಲ್ಲಿ ಶತ್ರುನೇ ಇರಲ್ಲ. ಸುಡೋದು ಸ್ವಂತ ಮನೆ ಗೋಡೆ. ಅದೇ ಊದಿ ಹೀಗಾಗತ್ತೆ. ಸ್ಪ್ರೇ ಕೊಡ್ತೀನಿ, ಆಪರೇಷನ್ನೂ ಬೇಕಾಗಬಹುದು. ಅಂದಹಾಗೆ, ವಾಸನೆ ಹೋಗಿ ಎಷ್ಟು ದಿನ ಆಯ್ತು?”

ಸೊಸೆ ಪಕ್ಕದಲ್ಲೇ ನಿಂತಿದ್ದಳು. ಶತ್ರುವೇ ಇಲ್ಲದ ಕಡೆ... ಅತ್ತೆಗೆ ತಲೆಯೆತ್ತಲಾಗಲಿಲ್ಲ.

“ವರ್ಷದ... ಮೇಲಾಯ್ತು.”

ವಾಪಸು ಬರುವಾಗ ಸೊಸೆ ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು! ಅತ್ತೆ ನೇರ ಕಾರ್ಖಾನೆಗೆ ನಡೆದರು. ನಿನ್ನೆ ನಿಂತಿದ್ದ ಜಾಗದಲ್ಲೇ ನಿಂತರು.

“ಎಲ್ಲರೂ ಕೇಳಿ. ಮುಚ್ಚಳ ಯಾರೂ ತೆಗೆದಿಟ್ಟಿರಲಿಲ್ಲ. ನನಗೆ ವಾಸನೆ ಬರಲ್ಲ. ಬಂದ ಹಾಗೆ ನಟಿಸಿದೆ. ಈ ಹುಡುಗಿ ನಿಜ ಹೇಳಿದಳು, ನಾನು ಅವಳ ಮಾನ ಕಳೆದೆ...”

ಮಗನ ಮುಖ ಬಿಳಿಚಿಕೊಂಡಿತು. ಕೆಲಸದವರಲ್ಲಿ ಹಿರಿಯಳಾದ ಗೊಣಗಜ್ಜಿ ಮಾತ್ರ, “ಸೊಸೆ ಬಾಯಿ ಮುಚ್ಚಿಸೋಕೆ ಮೂಗು ಯಾಕೆ ಬೇಕು, ನಾಲಿಗೆ ಸಾಕಲ್ಲ” ಎಂದು ಗೊಣಗಿದಳು. ಅತ್ತೆ ಸೊಸೆಯ ಕಡೆ ತಿರುಗಿದರು.

“ಇನ್ಮೇಲೆ ಎಣ್ಣೆ ನೋಡೋದು ನೀನು. ಹೋಗಬೇಡಮ್ಮ.”

“ಹೋಗ್ತೀನಿ ಅತ್ತೆ.” ಸೊಸೆಯ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. “ನಿಮ್ಮ ಆಪರೇಷನ್ ಆದರೆ ಜೊತೆಗೆ ನಾನೇ ಇರ್ತೀನಿ. ಆದರೆ ಈ ಮನೆಗೆ ವಾಪಸು ಬರಬೇಕಾದ್ರೆ ನಿಮ್ಮ ಮಗ ಬಂದು ಕರೀಬೇಕು. ನೀವು ಸುಳ್ಳು ಹೇಳಿದ್ರಿ. ಇವರು ನನ್ನನ್ನ ಒಂದು ಮಾತೂ ಕೇಳಲಿಲ್ಲ.”

ಮಗ ಚೀಲಕ್ಕೆ ಕೈಹಾಕಿದ. ಅತ್ತೆ ಅವನ ಕೈ ಸರಿಸಿದರು. “ಇವತ್ತು ಬೇಡ. ಇವತ್ತು ನಾನು.”

ಬೀದಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದಂತೆಯೇ ಅತ್ತೆ ಸೊಸೆಯ ಚೀಲ ಹೊತ್ತು ನಡೆದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಾಯಿ ತೆರೆದು ಉಸಿರೆಳೆದರು. ಮುಂದೆ ಹೋಗುತ್ತಿದ್ದ ಸೊಸೆ ತಿರುಗಿ ನೋಡಲಿಲ್ಲ... ನಡಿಗೆಯನ್ನು ಮಾತ್ರ ನಿಧಾನ ಮಾಡಿದಳು.