ಬೂಟಿಗೆ ಎಣ್ಣೆ ಕುಡಿಸಿದ ದುರುಗವ್ವ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಮಿಂಚುಗಿರಿ ಅಂತ ಒಂದು ರಾಜ್ಯ ಇತ್ತು. ರಾಜ ಹೆಸರಿಗೆ ಮಾತ್ರ. ಆಳುತ್ತಿದ್ದವನು ಕಜ್ಜಲಕೇತು ಎಂಬ ಮಾಂತ್ರಿಕ. ಅವನ ಶಕ್ತಿಯೆಲ್ಲ ಅವನ ಕರಿ ಬೂಟಿನಲ್ಲಿತ್ತು. ಬೂಟಂದರೆ ಬೂಟು, ಕನ್ನಡಿಯೇ! ಬಗ್ಗಿ ಅದರಲ್ಲಿ ಮುಖ ನೋಡಿಕೊಂಡವರ ಮುಖ ಅಲ್ಲೇ ಅಂಟಿಕೊಳ್ಳುತ್ತಿತ್ತು. ಮೇಲೊಂದು ಪದರ ಮೇಣ ತಿಕ್ಕಿಸಿದನೋ, ಸೆರೆ. ರಾಜನ ಮುಖವೂ ಅದರೊಳಗೇ ಇತ್ತು; ತನಗೆ ಬೇಕಾದವರ ಜೀವವನ್ನು ಮಾತ್ರ ಮಾಂತ್ರಿಕ ಮಂತ್ರದಿಂದ ಹಿಡಿದಿಟ್ಟಿದ್ದ.

ಆ ಊರಲ್ಲಿ ಜೋಡು ಹೊಲಿಯುವ ಕೆಂಚವ್ವ ಇದ್ದಳು. ಅವಳ ಕುಲದವರದು ಒಂದು ಕಟ್ಟಳೆ: ಕಾಲಲ್ಲಿರುವ ಜೋಡಿಗೆ ಕೈ ಹಚ್ಚಬಾರದು, ಬಿಚ್ಚಿಸಿ ತೊಡೆಯ ಮೇಲಿಟ್ಟುಕೊಂಡೇ ಕೆಲಸ ಮಾಡಬೇಕು. ಆದರೆ ಮಾಂತ್ರಿಕ, “ಬಗ್ಗಿ ತಿಕ್ಕು, ಇಲ್ಲದಿದ್ದರೆ ನಿನ್ನ ಮಗಳ ಚರ್ಮ ಸುಲಿಸುತ್ತೇನೆ” ಅಂದ. ಹೆತ್ತ ಕರುಳು, ಬಗ್ಗಿದಳು. ತಡವರಿಸುತ್ತ ಮನೆಗೆ ಬಂದಾಗ ಅವಳ ಮುಖ ನಾದಿದ ಹಿಟ್ಟಿನ ಮುದ್ದೆ. ಕಣ್ಣಿಲ್ಲ, ಬಾಯಿಲ್ಲ. ಮಗಳು ದುರುಗವ್ವ ರೊಟ್ಟಿ ಮುರಿದು ಹಿಡಿದಳು. ತುತ್ತು ಇಡುವುದಾದರೂ ಎಲ್ಲಿಗೆ? ಎರಡು ದಿನ ಕಳೆಯಿತು. ಇನ್ನು ಬಿಟ್ಟರೆ ಅವ್ವ ಉಳಿಯುವುದಿಲ್ಲ.

ದುರುಗವ್ವ ಹರಳೆಣ್ಣೆಯ ಗಿಂಡಿ, ಒಂದು ಹಳೇ ಬಟ್ಟೆ ಹಿಡಿದು ಸೀದಾ ಅರಮನೆಗೆ ನಡೆದಳು.

“ಬಾ, ತಿಕ್ಕು” ಅಂತ ಮಾಂತ್ರಿಕ ಕಾಲು ಚಾಚಿದ.

“ಬಿಚ್ಚಿ ಕೊಡು” ಅಂದಳು.

ಮಾಂತ್ರಿಕ ಚಿಟಿಕೆ ಹೊಡೆದ. ಅವಳ ಮುಂದೆ ಬಂಗಾರದ ರಾಶಿ ಬಿತ್ತು. “ಬಗ್ಗಿದರೆ ಇದೆಲ್ಲ ನಿನ್ನದು.”

“ನಿನ್ನ ಬಂಗಾರಕ್ಕೆ ಬೆಂಕಿ ಬೀಳಲಿ! ಬಿಚ್ಚಿ ಕೊಡು.”

ಮಾಂತ್ರಿಕ ಎರಡನೇ ಚಿಟಿಕೆ ಹೊಡೆದ. ಬೆಂಕಿ ಉಗುಳುವ ಹುಲಿ ಬಂತು. ಹುಡುಗಿಯ ಎದೆ ಡವಡವ ಅಂತು, ಸುಳ್ಳು ಯಾಕೆ ಹೇಳಲಿ? ಆದರೆ ಕಸುಬಿನ ಕಣ್ಣು ನೋಡಿ, ಹುಲಿಯ ಹಲ್ಲಿಗಿಂತ ಮೊದಲು ಅದರ ಕೊರಳ ಪಟ್ಟಿ ಕಂಡಿತು. ಎಣ್ಣೆ ಕಾಣದ ಚರ್ಮ ಒಣಗಿ ಕಟ್ಟಿಗೆಯಾಗಿ ಕತ್ತನ್ನು ಕೊಯ್ಯುತ್ತಿತ್ತು. “ಅಯ್ಯೋ ಪಾಪ, ಯಾರೋ ನಿನ್ನನ್ನು ಹೀಗೆ ಕಟ್ಟಿದ್ದು?” ಅನ್ನುತ್ತ ಎಣ್ಣೆ ಸವರಿದಳು. ಪಟ್ಟಿ ಮೆತ್ತಗಾಯಿತು. ಹುಲಿ ಅವಳ ಪಕ್ಕದಲ್ಲೇ ಮಲಗಿತು.

ಮೂರನೇ ಚಿಟಿಕೆಗೆ ಕಾಣದ ಬಂಡೆಯೊಂದು ಅವಳ ಕತ್ತಿನ ಹಿಂದೆ, ಹೆಡಕಿನ ಮೇಲೆ ಕೂತಿತು. ಎಲುಬು ಲಟಲಟ ಅಂದವು, ಮೂಗಿನಿಂದ ರಕ್ತ ಸುರಿಯಿತು.

“ಬಗ್ಗುತ್ತೀಯೋ ಇಲ್ಲವೋ?”

“ಮುರಿ ಬೇಕಾದರೆ. ಬಗ್ಗೋದಿಲ್ಲ!”

ಮಾಂತ್ರಿಕನಿಗೆ ಉರಿ ನೆತ್ತಿಗೇರಿತು. ಕಾಲೆತ್ತಿ ನೆಲಕ್ಕೆ ದಬ್ ಅಂತ ಒದ್ದ. ಮೂರ್ಖ! ನೂರು ಪದರ ಮೇಣ ಬಳಿಸಿದ್ದವನು ಆ ಚರ್ಮಕ್ಕೆ ಒಂದು ತೊಟ್ಟು ಎಣ್ಣೆ ಕುಡಿಸಿರಲಿಲ್ಲ. ಬೂಟು ಬೆರಳ ಬುಡದಲ್ಲಿ ಚಟ್ ಅಂತ ಸೀಳಿತು. ಮಂತ್ರ ಸೋರತೊಡಗಿತು, ಅವಳ ಹೆಡಕಿನ ಬಂಡೆ ಇಳಿಯಿತು.

“ಸರಿಮಾಡೇ! ಬೇಗ!” ಅಂತ ಕೂಗಿದ. ಬೇರೆ ಚಮ್ಮಾರರನ್ನು ಕರೆಯೋಣವೆಂದರೆ ಅವರ ಮುಖಗಳನ್ನೂ ಇವನೇ ಆ ಬೂಟಿನಲ್ಲಿ ಸೆರೆಯಿಟ್ಟಿದ್ದನಲ್ಲ!

“ಬಿಚ್ಚಿ ಕೊಡು” ಅಂದಳು ದುರುಗವ್ವ.

ಬಿಚ್ಚಿದ. ಬೇರೆ ಗತಿ ಏನಿತ್ತು?

ಅವಳು ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ತನ್ನ ಮುಖ ಕಾಣದಿರಲೆಂದು ಕಣ್ಣು ಮುಚ್ಚಿದಳು. ಚರ್ಮದ ಕೆಲಸಕ್ಕೆ ಬೆರಳು ಸಾಕು. ಎಣ್ಣೆಯನ್ನು ಹುಲಿಯ ಉಸಿರಿಗೆ ಹಿಡಿದು ಬಿಸಿ ಮಾಡಿ ತಿಕ್ಕಿದಳು. ಮೇಣ ಕರಗಿ ಬಟ್ಟೆಗೆ ಬಂತು.

“ಹೊಳಪು ಹೋಗ್ತಿದೆ! ನಿಲ್ಲಿಸು!”

“ಚರ್ಮಕ್ಕೆ ಮೊದಲು ಊಟ, ಆಮೇಲೆ ಶೃಂಗಾರ. ಸುಮ್ಮನೆ ಕೂತ್ಕೋ!”

ಪದರ ಪದರವಾಗಿ ಮೇಣ ಬಿಡುತ್ತಿದ್ದಂತೆ ಮುಖಗಳು ಪುರ್ರನೆ ಹಾರಿ ಒಡೆಯರನ್ನು ಸೇರಿದವು. ರಾಜನಿಗೆ ಬಾಯಿ ಬಂತು. ಬಂದ ಬಾಯಲ್ಲಿ ಮೊದಲು ಅಂದದ್ದು, “ಹಿಡೀರಿ ಆ ಕಳ್ಳನ್ನ!” ಬರಿಗಾಲಿನ ಮಾಂತ್ರಿಕ ಓಡಿದ, ಹಿಂದೆ ಹುಲಿ ಓಡಿತು. ಹುಲಿಯೊಂದೇ ತಿರುಗಿ ಬಂತು.

ದುರುಗವ್ವ ಮನೆಗೆ ಹಾರಿ ಬಂದಳು. ಕೆಂಚವ್ವ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದಳು, ಕಣ್ಣಲ್ಲಿ ನೀರು ಧಾರಾಕಾರ. ಮಗಳನ್ನು ಕಂಡದ್ದೇ ರೊಟ್ಟಿ ಬಿಟ್ಟು ಎದ್ದಳು. ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ಹಣೆ, ಮೂಗು, ಗಲ್ಲ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

“ನಾನು ಬಗ್ಗಿಬಿಟ್ಟೆ ಕಣೇ” ಅಂದಳು.

“ನೀನು ನನಗೋಸ್ಕರ ಬಗ್ಗಿದೆ. ನಿನಗೋಸ್ಕರ ನಾನು ಬಗ್ಗಲಿಲ್ಲ. ಲೆಕ್ಕ ಯಾಕವ್ವಾ? ತಿನ್ನು.”

ಆಮೇಲೆ ಮಿಂಚುಗಿರಿಯವರೆಲ್ಲ ಉಂಡುಟ್ಟು ನೂರು ಕಾಲ ಬಾಳಿದರು. ಅಲ್ಲಿ ರಾಜನೂ ತನ್ನ ಬೂಟು ತಾನೇ ಬಿಚ್ಚಿ ಕೊಡುತ್ತಿದ್ದ.