ಬಿಸಿಲಿಗೆ ಬಾರದವನು

"ಹೂಂ... ಊಟ ಆಯ್ತು. ಮಾತ್ರೆನೂ ತಗೊಂಡೆ. ಇಲ್ಲ ಇಲ್ಲ, ಎಲ್ಲೂ ಹೋಗಿಲ್ಲ... ಮನೇಲೇ ಮಲಗಿದೀನಿ."

ಹೋಟೆಲಿನ ಕಾರಿಡಾರಿನ ತಿರುವಿನಲ್ಲಿ ಅವಳ ಕಾಲು ಅಲ್ಲೇ ನಿಂತಿತು.

ಮನೆಯಲ್ಲಿ ಮಲಗಿದ್ದೇನೆ ಎನ್ನುತ್ತಿದ್ದವನು ಮನೆಯಿಂದ ಒಂದು ಸಮುದ್ರ ದಾಟಿ ಬಂದು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ನಿಂತಿದ್ದ. ದನಿ ಮಾತ್ರ ಹಾಸಿಗೆ ಹಿಡಿದವನದು. ಫೋನಿನ ಆ ಕಡೆಯಿಂದ ಹೆಣ್ಣು ದನಿಯೊಂದು ಕಳಕಳಿಯಿಂದ ಏನೋ ಕೇಳುತ್ತಿತ್ತು.

"ಸೋಮವಾರ ಖಂಡಿತ ಬರ್ತೀನಿ," ಎಂದು ಫೋನಿಟ್ಟು ತಿರುಗಿದವನ ಎದುರಿಗೆ ಅವಳು!

ಅವನ ಕಿವಿ ಕೆಂಪಾಯಿತು. "ಯಾವಾಗ ಬಂದ್ರಿ?"

"ಈಗ್ಲೇ. ಯಾರ ಫೋನು?"

"ಊರಿಂದ... ಹೀಗೇ, ಬೇಕಾದವರು."

ಬೇಕಾದವರು ಎಂದರೆ?

ಅವನ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅಕ್ಕತಂಗಿಯರೂ ಇಲ್ಲ. ಇದನ್ನೆಲ್ಲ ಅವನೇ ಹೇಳಿದ್ದ. ಹಾಗಾದರೆ ಅವನು ಮಾತ್ರೆ ತೆಗೆದುಕೊಂಡನೋ ಇಲ್ಲವೋ ಎಂದು ವಿಚಾರಿಸುವ ಹೆಣ್ಣು ಯಾರು?

ಅವಳದು ಅನುಮಾನವೇ ಅನ್ನ ಕೊಡುವ ಕೆಲಸ. ವಿಮಾ ಕಂಪನಿಯಲ್ಲಿ, ಕಾಯಿಲೆ ಎಂದು ಅರ್ಜಿ ಹಾಕಿದವರ ಮನೆಗೆ ಹೋಗಿ, ಕಾಯಿಲೆ ನಿಜವೋ ನಾಟಕವೋ ಎಂದು ಪತ್ತೆ ಮಾಡುವುದು. ಸೊಂಟ ಮುರಿದಿದೆ ಎಂದವನನ್ನು ಮಾವಿನ ಮರದ ಮೇಲೆ ಹಿಡಿದವಳು. ಗೆಳತಿಯರ ಬಾಯಲ್ಲಿ ಅವಳು ಸಿಐಡಿ.

ಅವನು ಬೇಕರಿಯೊಂದರ ಕೇಕ್ ಮಾಸ್ಟರ್. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅವಳ ಗೆಳತಿ ನರ್ಸಮ್ಮನ ಗಂಡನಿಗೆ ಬಾಲ್ಯದ ಸ್ನೇಹಿತ. ನರ್ಸಮ್ಮನ ಮಗುವಿನ ಹುಟ್ಟುಹಬ್ಬದಲ್ಲಿ ಇಬ್ಬರೂ ಒಮ್ಮೆ ಒಂದೆರಡು ಮಾತಾಡಿದ್ದರು, ಅಷ್ಟೆ. ಈಗ ಮಗುವನ್ನು ಅಜ್ಜಿಯ ಬಳಿ ಬಿಟ್ಟು ನಾಲ್ವರೂ ಸೇರಿ ವಿದೇಶ ಸುತ್ತಲು ಬಂದಿದ್ದರು. ಇವತ್ತೇ ಕೊನೆಯ ದಿನ, ಸಂಜೆಗೆ ವಿಮಾನ.

ನಿನ್ನೆ ಸಂಜೆ ಸಮುದ್ರದ ದಡದಲ್ಲಿ ಅವನು ತಲೆ ತಗ್ಗಿಸಿ ಕೇಳಿದ್ದ, "ನನ್ನ ಮದುವೆ ಆಗ್ತೀರಾ? ಅವಸರ ಇಲ್ಲ... ನಾಳೆ ವಿಮಾನ ಹತ್ತೋ ಮೊದಲು ಹೇಳಿದ್ರೆ ಸಾಕು."

ಹೂಂ ಎನ್ನಲೆಂದೇ ಬೆಳಗ್ಗೆ ಎದ್ದಿದ್ದಳು ಪಾಪ. ಆ ಹೂಂ ಅನ್ನು ಈಗ ಪಕ್ಕಕ್ಕಿಟ್ಟಳು.

ಅನುಮಾನ ಒಮ್ಮೆ ಹೊಸಿಲು ದಾಟಿದರೆ ಸುಮ್ಮನೆ ಕೂರುತ್ತದೆಯೇ? ಸಾಮಾನನ್ನೆಲ್ಲ ರಿಸೆಪ್ಷನ್‌ನಲ್ಲಿ ಬಿಟ್ಟು ನಾಲ್ವರೂ ಪೇಟೆಗೆ ಹೊರಟರು. ದಾರಿಯುದ್ದಕ್ಕೂ ಅವಳು ಮೈಯೆಲ್ಲ ಕಣ್ಣಾಗಿದ್ದಳು.

ಈ ಮನುಷ್ಯ ಒಂದು ಫೋಟೋದಲ್ಲೂ ಇಲ್ಲ. ಗುಂಪಾಗಿ ನಿಂತರೆ ಸಾಕು, "ಕೊಡಿ, ನಾನು ತೆಗೀತೀನಿ" ಎಂದು ಫೋನು ಕಸಿದುಕೊಳ್ಳುತ್ತಾನೆ. ಅಗಲ ಟೋಪಿ, ತುಂಬುತೋಳಿನ ಅಂಗಿ... ಸಮುದ್ರದ ದಡದಲ್ಲೂ ಛತ್ರಿಯ ನೆರಳು ಬಿಟ್ಟು ಈಚೆ ಬಂದವನಲ್ಲ. ಯಾರಾದರೂ ಗುರುತು ಹಿಡಿದಾರೆಂಬ ಭಯವೇ?

ಪೇಟೆಯಲ್ಲಿ ನರ್ಸಮ್ಮ ಅತ್ತೆಗೆ, ನಾದಿನಿಗೆ, ಪಕ್ಕದ ಮನೆಯವರಿಗೆ ಎಂದು ಕೈತುಂಬ ಕೊಳ್ಳುತ್ತಿದ್ದಳು. ಅವನ ಕೈ ಖಾಲಿ.

ಅವಳು ಉಪಾಯವಾಗಿ ಕೇಳಿದಳು, "ನೀವೇನೂ ತಗೊಳ್ಳಲ್ವಾ? ಅಲ್ಲಿ ಕಾಯ್ತಿರೋರಿಗೆ?"

ಅವನು ಬೆಚ್ಚಿದ. "ಅಯ್ಯೋ, ಇಲ್ಲಿಂದ ಏನಾದ್ರೂ ತಗೊಂಡು ಹೋದ್ರೆ ಸಿಕ್ಕಿಬೀಳ್ತೀನಿ..." ಎಂದವನು ನಾಲಿಗೆ ಕಚ್ಚಿಕೊಂಡ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಎರಡೂ ಹೆಗಲು ಮುಟ್ಟಿಕೊಂಡ ಹಾಗಾಯಿತು.

ಮುಗಿಯಿತು. ಮದುವೆಯಾಗಿದೆ ಇವನಿಗೆ. ಹೆಂಡತಿ ತವರಿನಲ್ಲಿದ್ದಾಳೆ. ಸೋಮವಾರ ಹೋಗಿ ಕರೆತರುತ್ತಾನೆ... ಹುಷಾರಿಲ್ಲ ಎಂದು ನಂಬಿಸಿ ಇಲ್ಲಿ ಬಂದು ನನ್ನನ್ನು...

ಅವಳ ಕಣ್ಣು ತುಂಬಿತು. ಯಾಕೆಂದರೆ ಇದು ಮೊದಲ ಸಲವಲ್ಲ. ಹಿಂದೊಬ್ಬನಿದ್ದ. ಅವಳು ಪಕ್ಕದಲ್ಲೇ ಕುಳಿತಿರುವಾಗ ಫೋನಿನಲ್ಲಿ "ಮೀಟಿಂಗಲ್ಲಿದೀನಿ ಕಣೇ" ಎನ್ನುತ್ತಿದ್ದವನು. ಅವನಿಗೆ ಹೆಂಡತಿಯಿದ್ದಾಳೆಂದು ತಿಳಿದ ದಿನ ಅವಳು ಯಾರಿಗೂ ಏನೂ ಹೇಳದೆ ದೂರವಾಗಿದ್ದಳು. ಆಮೇಲೆ ಎಂದೋ ಆ ಹೆಂಡತಿಯೇ ಎದುರಾಗಿ ಕೇಳಿದ್ದಳು, "ನಿಮಗೆ ಗೊತ್ತಾದ ದಿನವೇ ನನಗೊಂದು ಮಾತು ಹೇಳಬಹುದಿತ್ತಲ್ಲ?"

ಈ ಸಲ ಹಾಗಾಗಬಾರದು ಎಂದುಕೊಂಡಳು.

ಬೀದಿಬದಿಯ ಕಾಫಿ ಅಂಗಡಿಯಲ್ಲಿ ಅವಳು ಕುಳಿತಳು. ಗಂಡಹೆಂಡತಿ ಇಬ್ಬರೂ ಎದುರಿನ ಚಪ್ಪಲಿ ಅಂಗಡಿಗೆ ನುಗ್ಗಿದ್ದರು. ಅವನು ಫೋನನ್ನು ಮೇಜಿನ ಮೇಲಿಟ್ಟು ಕಾಫಿ ತರಲು ಒಳಗೆ ಹೋದ. ಹೋದ ಮರುಗಳಿಗೆಯೇ ಫೋನು ಹೊಡೆದುಕೊಂಡಿತು.

ಪರದೆಯ ಮೇಲೆ ಹೆಸರು: ಹೈಕಮಾಂಡ್.

ಇನ್ನೇನು ಬೇಕು? ಕಟ್ಟಿಕೊಂಡವಳಲ್ಲದೆ ಹೈಕಮಾಂಡ್ ಇನ್ಯಾರು?

ಬೇರೆಯವರ ಫೋನು ಎತ್ತುವುದು ತಪ್ಪು. ಅದು ಅವಳಿಗೆ ಗೊತ್ತಿತ್ತು. ಆದರೂ ಎತ್ತಿದಳು.

"ಎದ್ದೆಯೇನೋ? ಸುಸ್ತು ಸ್ವಲ್ಪ ಕಡಿಮೆ ಆಯ್ತಾ?" ಎಂಥ ಅಕ್ಕರೆಯ ದನಿ!

"ಅವರಿಲ್ಲ. ನಾನು..."

"ನೀನ್ಯಾರಮ್ಮ? ನೋಡಿಕೊಳ್ಳೋಕೆ ಬಂದಿದೀಯಾ?"

ಅವಳು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದಳು, "ಸಮಾಧಾನವಾಗಿ ಕೇಳಿ. ನಿಮ್ಮ ಯಜಮಾನ್ರು ಮನೇಲಿಲ್ಲ. ಅವರಿಗೆ ಯಾವ ಕಾಯಿಲೆನೂ ಇಲ್ಲ. ಬೇರೆ ದೇಶದಲ್ಲಿ ಸ್ನೇಹಿತರ ಜೊತೆ ಸುತ್ತಾಡ್ತಾ ಇದಾರೆ. ನಿನ್ನೆ ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ರು. ನಾನು ಆಗಲ್ಲ. ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ."

ಆ ಕಡೆ ದೂರದಲ್ಲೆಲ್ಲೋ ತಟ್ಟೆಗಳ ಸದ್ದು. "ಮೂರು ಕೆಜಿದು ಡಬ್ಬಕ್ಕೆ ಹಾಕ್ಲಾ?" ಎಂದು ಯಾರೋ ಕೂಗಿದರು.

"ನನ್ನ ಯಜಮಾನ್ರು ಇಲ್ಲೇ ಗಲ್ಲಾದಲ್ಲಿ ಕೂತು ತೂಕಡಿಸ್ತಾ ಇದಾರೆ ಕಣಮ್ಮ," ಎಂದಿತು ಆ ದನಿ ನಿಧಾನವಾಗಿ. "ನೀನು ಹೇಳ್ತಿರೋದು ನನ್ನ ಕೇಕ್ ಮಾಸ್ಟರ್ ವಿಷಯ. ಕಾಮಾಲೆ ಅಂತ ರಜ ಹಾಕಿದ್ನಲ್ಲ, ಅವನ ವಿಷಯ."

ಅವಳು ಫೋನನ್ನು ಕಿವಿಯಿಂದ ಇಳಿಸಿದಳು.

ಕಾಮಾಲೆಯವನು ಬಿಸಿಲಿಗೆ ಕಪ್ಪಾಗಿ ಹೋದರೆ ಯಾರು ನಂಬುತ್ತಾರೆ? ಫೋಟೋ ಬೇಕರಿಯವರ ಕಣ್ಣಿಗೆ ಬಿದ್ದರೆ? ವಿದೇಶದ ಚಾಕಲೇಟು ಹಿಡಿದುಕೊಂಡು ಹೋದರೆ? ಸುಳ್ಳು ಕಾಯಿಲೆ ಹಿಡಿಯುವುದೇ ಕಸುಬಾದವಳ ಕಣ್ಣೆದುರೇ ಒಂದು ಸುಳ್ಳು ಕಾಯಿಲೆ ವಾರವಿಡೀ ಟೋಪಿ ಹಾಕಿಕೊಂಡು ಓಡಾಡಿತ್ತು. ಅವಳಿಗೆ ಕಂಡದ್ದು ಮಾತ್ರ ಇಲ್ಲದ ಹೆಂಡತಿ.

ಎರಡು ಲೋಟ ಕಾಫಿ ಹಿಡಿದು ಅವನು ಬಂದು ನಿಂತ. ಅವಳು ಫೋನು ಚಾಚಿದಳು.

"ನಿಮ್ಮ ಯಜಮಾನಿ... ಎಲ್ಲಾ ಹೇಳ್ಬಿಟ್ಟೆ. ನಿಮ್ಮ ಹೆಂಡ್ತಿ ಅಂದ್ಕೊಂಡು."

ಅವನ ಮುಖ ಬಿಳಿಚಿಕೊಂಡಿತು. ಲೋಟಗಳನ್ನು ಮೇಜಿನ ಮೇಲಿಟ್ಟು ಫೋನು ತೆಗೆದುಕೊಂಡ.

"ಅಮ್ಮಾವ್ರೇ... ಹೌದು, ಅವರು ಹೇಳಿದ್ದೆಲ್ಲ ನಿಜ. ಮದುವೆ ಆರ್ಡರ್ ತುಂಬಾ ಇದೆ ಅಂತ ನೀವು ರಜ ಕೊಡ್ಲಿಲ್ಲ. ಸುಳ್ಳು ಹೇಳಿ ಬಂದೆ... ತಪ್ಪು ನಂದೇ... ಇಲ್ಲ, ಆ ಹುಡುಗಿದೇನೂ ತಪ್ಪಿಲ್ಲ. ದಯವಿಟ್ಟು ಅವರನ್ನ ಬೈಬೇಡಿ."

ಬಹಳ ಹೊತ್ತು ಕೇಳಿಸಿಕೊಂಡು ಫೋನಿಟ್ಟ.

"ಏನಂದ್ರು?"

"ಸೋಮವಾರ ಬಂದು ಮುಖ ತೋರ್ಸು, ಕೆಲಸ ಇದೆಯೋ ಇಲ್ವೋ ಆಮೇಲೆ ಅಂದ್ರು."

ಅವಳು ಅಳತೊಡಗಿದಳು. "ನಾನು ನಿಮ್ಮ ಬಾಳು ಹಾಳು ಮಾಡ್ದೆ."

"ಹಾಳು ಮಾಡ್ಕೊಂಡಿದ್ದು ನಾನು. ದಿನಕ್ಕೆ ಮೂರು ಸಲ ಫೋನ್ ಮಾಡಿ ವಿಚಾರಿಸ್ತಿದ್ರು ಅವರು. ಒಂದೊಂದು ಸಲವೂ ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ಈಗ... ಹಗುರ ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಕೆಲಸ ಏನು ಹೇಳಿ? ಸುಳ್ಳು ಕಾಯಿಲೆಯೋರನ್ನ ಹಿಡಿಯೋದು. ನಿಮ್ಮ ಮುಂದೆ ಬಾಯಿ ಬಿಡಬೇಡ ಅಂತ ನರ್ಸಮ್ಮ ಮೊದಲೇ ಹೇಳಿದ್ರು. ಗೊತ್ತಾದ್ರೆ ಮುಖ ಕೂಡ ನೋಡಲ್ಲ ಅಂತ ಹೆದರ್ಕೊಂಡೆ."

ಅಷ್ಟರಲ್ಲಿ ನರ್ಸಮ್ಮ ಚಪ್ಪಲಿ ಚೀಲದೊಂದಿಗೆ ಬಂದಳು. ವಿಷಯ ಕೇಳಿ ಮೊದಲು ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಇಲ್ಲಿ ಕಾಮಾಲೆ ಇವನಿಗೆ, ಹಳದಿ ಕಂಡಿದ್ದು ನಿನಗೆ. ಏಳ್ರೀ ಇಬ್ರೂ, ಏರ್‌ಪೋರ್ಟಿಗೆ ಹೊತ್ತಾಯ್ತು."

ಗಂಡಹೆಂಡತಿ ಮುಂದೆ ಹೋದರು. ಇವರಿಬ್ಬರೂ ಹಿಂದೆ ಹಿಂದೆ ನಡೆದರು. ಅವಳಿಗೆ ಕೇಳದೆ ಇರಲಾಗಲಿಲ್ಲ.

"ರಜ ಸಿಗದಿದ್ರೆ ಬರಬಾರದಿತ್ತು. ಯಾಕೆ ಬಂದ್ರಿ?"

"ನೀವು ಬರ್ತೀರಿ ಅಂದ್ರು." ಅವನು ನೆಲ ನೋಡುತ್ತ ಹೇಳಿದ. "ಹುಟ್ಟುಹಬ್ಬಕ್ಕೆ ಕೇಕ್ ತಂದಾಗ ಎಲ್ಲರೂ ಚೆನ್ನಾಗಿದೆ ಅಂದ್ರು. ನೀವೊಬ್ರೇ ಕೇಳಿದ್ದು, ಇದು ಇವತ್ತಿಂದಾ ನಿನ್ನೇದಾ ಅಂತ. ನಿನ್ನೇದು ಅಂದೆ. ನೀವು ನಕ್ಕು, ನಿಜ ಹೇಳಿದ್ರಲ್ಲ ಅಂತ ಎರಡು ತುಂಡು ತಿಂದ್ರಿ. ಆವತ್ತಿಂದ..."

ಎಷ್ಟು ದಿನದಿಂದ ಇವನು ನನ್ನನ್ನು ಹೀಗೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ... ಎಂದು ಅವಳ ಜೀವ ಕರಗಿಹೋಯಿತು.

"ನಾನು ಹೀಗೇ," ಎಂದಳು ಕೊನೆಗೆ. "ನಾಳೆನೂ ಅನುಮಾನ ಪಡ್ತೀನಿ, ನಾಡಿದ್ದೂ ಪಡ್ತೀನಿ. ಬದಲಾಗ್ತೀನಿ ಅಂತ ಮಾತು ಕೊಡಲ್ಲ."

"ಕೇಳಿ. ಎಷ್ಟು ಸಲ ಕೇಳಿದ್ರೂ ಹೇಳ್ತೀನಿ."

"ಸೋಮವಾರ ನಾನೂ ಬೇಕರಿಗೆ ಬರ್ತೀನಿ."

"ಬೈಗುಳ ಹಂಚ್ಕೊಳ್ಳೋಕಾ?"

"ಹೂಂ."

"ಇವಳ್ಯಾರು ಅಂತ ಕೇಳ್ತಾರೆ. ಏನು ಹೇಳ್ಲಿ?"

"ನಿಜ ಹೇಳಿ."

"ಆ ನಿಜ ನನಗಿನ್ನೂ ಗೊತ್ತಿಲ್ವಲ್ಲ..."

ಅವಳು ನಿಂತಳು. ಸುತ್ತ ಗೊತ್ತಿಲ್ಲದ ಜನ, ಗೊತ್ತಿಲ್ಲದ ಭಾಷೆ. ಅವನ ಕೈ ಹಿಡಿದುಕೊಂಡಳು.

"ನಾನು ಮದುವೆ ಆಗೋ ಹುಡುಗಿ ಅಂತ ಹೇಳು."

ಅವನ ಕಣ್ಣಲ್ಲಿ ನೀರು ತುಂಬಿತು. "ಇನ್ನೊಂದ್ಸಲ ಹೇಳಿ."

"ಯಾಕೆ, ಅನುಮಾನನಾ?"

"ಹೂಂ."

ಅವಳು ಇನ್ನೊಮ್ಮೆ ಹೇಳಿದಳು.